ಹಾಡಿಯಲ್ಲಿ ಯಾರೂ ಸಾಯುವುದಿಲ್ಲವೇ? ಕೊಡಗಿನ ಒಂದು ಪಂಚಾಯಿತಿಯ ಮರಣ ನೋಂದಣಿ ಪ್ರಕರಣ

ಕೊಡಗಿನ ದಕ್ಷಿಣ ಭಾಗದ ಒಂದು ಗ್ರಾಮ ಪಂಚಾಯಿತಿಯಲ್ಲಿ ಮರಣ ನೋಂದಣಿ ಪುಸ್ತಕವನ್ನು ಆರೋಗ್ಯ ಇಲಾಖೆ, ಅಂಗನವಾಡಿ, ಕಾಫಿ ತೋಟ ಮತ್ತು ಸಂಘಗಳ ಪಟ್ಟಿಗಳ ಜೊತೆ ತಾಳೆ ಹಾಕಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಲೆಕ್ಕ ಹೊಂದಿಸುವ ಪಾಲು ನನ್ನದಾಗಿತ್ತು. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಎಲ್ಲಿ ದಾರಿ ಕವಲೊಡೆಯಿತು, ಯಾವ ಕವಲನ್ನು ಏಕೆ ಹಿಡಿದೆವು ಎಂಬುದು ತಿಳಿಯಲಿ ಎಂದು ಬರೆದದ್ದು.

ಪಂಚಾಯಿತಿ ಯಾವುದೆಂದು ಹೇಳುವುದಿಲ್ಲ. ಜನರ ಹೆಸರಿಲ್ಲ. ತೋಟಗಳ, ಹಾಡಿಗಳೆಂಬ ಆದಿವಾಸಿ ವಸತಿಗಳ ಗುರುತು ಹತ್ತಬಹುದಾದ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಸಿಕ್ಕ ಸಾವುಗಳ ಸಂಖ್ಯೆಯನ್ನೂ ಕೊಟ್ಟಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಇಂಥ ವರ್ಷ ಇಂಥ ಹಾಡಿಯಲ್ಲಿ ಇಷ್ಟು ಹಸುಗೂಸುಗಳು ತೀರಿಕೊಂಡವು ಎಂದು ಬರೆದರೆ ಅದು ಯಾರ ಮನೆ ಎಂದು ಸುತ್ತಲಿನವರಿಗೆಲ್ಲ ತಿಳಿದುಹೋಗುತ್ತದೆ. ವಿಧಾನ ವಿವರಿಸಲು ಒಂದು ಕಡೆ ಕಲ್ಪಿತ ಅಂಕಿ ಬಳಸಿದ್ದೇನೆ. ಅಲ್ಲೇ ಹಾಗೆಂದು ಹೇಳಿದ್ದೇನೆ.

ಹಿನ್ನೆಲೆ

ಜನನ ಮರಣ ನೋಂದಣಿ ಕಾಯ್ದೆ 1969ರದು. ಸಾವಾದ 21 ದಿನದೊಳಗೆ, ಸಾವು ನಡೆದ ಜಾಗದ ನೋಂದಣಾಧಿಕಾರಿಗೆ ತಿಳಿಸಬೇಕು ಎನ್ನುತ್ತವೆ ಕಾಯ್ದೆ ಮತ್ತು ಅದರಡಿಯ ನಿಯಮಗಳು. ಕರ್ನಾಟಕದ ಹಳ್ಳಿಗಳಲ್ಲಿ ಈ ಹೊಣೆ ಬಹುಕಾಲ ಗ್ರಾಮ ಲೆಕ್ಕಿಗರ ಹೆಗಲ ಮೇಲಿತ್ತು. ನಾವು ಕೆಲಸ ಮಾಡಿದಾಗಲೂ ಹಾಗೇ ಇತ್ತು. ನಮೂನೆ 1 ಜನನಕ್ಕೆ, 2 ಮರಣಕ್ಕೆ, 3 ನಿರ್ಜೀವ ಜನನಕ್ಕೆ. ನಮೂನೆಯ ಒಂದು ಭಾಗ ಕಾನೂನಿನ ದಾಖಲೆಯಾಗಿ ಉಳಿಯುತ್ತದೆ, ಇನ್ನೊಂದು ಭಾಗ ಅಂಕಿಅಂಶಕ್ಕೆಂದು ಮೇಲಕ್ಕೆ ಹೋಗುತ್ತದೆ.

ಈ ಪುಸ್ತಕ ಇಷ್ಟು ಮುಖ್ಯವೇಕೆ ಎಂದರೆ, ಸಣ್ಣ ಜಾಗದ ಮಟ್ಟಿಗೆ ಇದರ ಬದಲಿಗೆ ಬೇರೇನೂ ಇಲ್ಲ. ದೇಶದ ಜನನ ಮರಣ ದರಗಳು, ಶಿಶು ಮರಣ ದರ ಎಂದು ನಾವು ಪತ್ರಿಕೆಯಲ್ಲಿ ಓದುವುದು ಎಸ್.ಆರ್.ಎಸ್. ಎಂಬ ಮಾದರಿ ನೋಂದಣಿ ವ್ಯವಸ್ಥೆಯಿಂದ ಬರುವ ಅಂಕಿ. ಅದು ಆಯ್ದ ಊರುಗಳ ಮಾದರಿ. ರಾಜ್ಯದ ಮಟ್ಟಕ್ಕೆ ಗಟ್ಟಿ, ಜಿಲ್ಲೆಗೆ ಇಳಿಸಲು ಬರುವುದಿಲ್ಲ. ಕೊಡಗಿನ ಜನಸಂಖ್ಯೆ 2011ರ ಗಣತಿಯಂತೆ 5,54,519. ರಾಜ್ಯದಲ್ಲೇ ಅತಿ ಕಡಿಮೆ ಜನರಿರುವ ಜಿಲ್ಲೆ. ಇಲ್ಲಿನ ಒಂದು ಹೋಬಳಿಯಲ್ಲಿ ಹಸುಗೂಸುಗಳು ಹೆಚ್ಚು ಸಾಯುತ್ತಿವೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಬರಬೇಕಾದದ್ದು ನೋಂದಣಿ ಪುಸ್ತಕದಿಂದಲೇ.

ಪಂಚಾಯಿತಿಯ ಜನರ ವಾಸ ಮೂರು ಬಗೆಯದು. ಒಂದು, ಸ್ವಂತ ಮನೆಗಳು: ಐನ್‌ಮನೆ (ಕೊಡವ ಮನೆತನದ ಮೂಲಮನೆ), ಬೆಳೆಗಾರರ ಮನೆ, ಪೇಟೆಬೀದಿಯ ಮನೆ, ಸೈಟು ಸಿಕ್ಕಿದವರ ಮನೆ. ಎರಡು, ಕೂಲಿಯವರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್‌ಮನೆಗಳು: ಅಲ್ಲಿ ತಲೆಮಾರಿನಿಂದ ಇರುವವರೂ ಇದ್ದಾರೆ, ಕುಯ್ಲಿಗೆಂದು ಬಂದು ಹೋಗುವವರೂ ಇದ್ದಾರೆ, ಈಚೆಗೆ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಸೇರಿವೆ. ಮೂರು, ಕಾಡಂಚಿನ ಹಾಡಿಗಳು: ಯರವರು, ಜೇನುಕುರುಬರು. ಕಾಯಿಲೆ ಜೋರಾದರೆ ಜನ ಜಿಲ್ಲೆ ಬಿಟ್ಟೇ ಹೋಗುತ್ತಾರೆ. ಕೆಲವರು ಹುಣಸೂರು ದಾರಿಯಲ್ಲಿ ಮೈಸೂರಿಗೆ, ಇನ್ನು ಕೆಲವರು ಮಾಕುಟ್ಟ ಘಾಟಿ ಇಳಿದು ಕೇರಳದ ಕಣ್ಣೂರು ಜಿಲ್ಲೆಗೆ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ ಒಂದು ಸಭೆಯಲ್ಲಿ ನೋಂದಣಿಯ ವಾರ್ಷಿಕ ತಖ್ತೆ ನೋಡುತ್ತಾ, "ಈ ಹಾಡಿಗಳಲ್ಲಿ ಯಾರೂ ಸಾಯುವುದೇ ಇಲ್ಲವೇ?" ಎಂದು ಕೇಳಿದರು. ಸಾವಿನ ಕಾಲಂನಲ್ಲಿ ಹಾಡಿಗಳ ಎದುರು ಸೊನ್ನೆಗಳಿದ್ದವು. ಆ ವರ್ಷ ಅವರ ಕೈಯಲ್ಲೇ ಕೂಸುಗಳು ಹೋಗಿದ್ದವು.

ಗ್ರಾಮ ಲೆಕ್ಕಿಗರು ಸೋಮಾರಿಯಲ್ಲ. ತಮ್ಮ ಬಳಿ ಬಂದ ಪ್ರತಿ ಸಾವನ್ನೂ ಬರೆದಿದ್ದರು, ಇ-ಜನ್ಮ ಎಂಬ ನೋಂದಣಿ ತಂತ್ರಾಂಶಕ್ಕೂ ಏರಿಸಿದ್ದರು. ಪ್ರಶ್ನೆಯಿದ್ದದ್ದು ಯಾರ ಸಾವು ಅವರ ಬಳಿ ಬರುತ್ತದೆ ಎಂಬಲ್ಲಿ. ಪುಸ್ತಕವನ್ನು ಮೊದಲಿನಿಂದ ಓದಿದಾಗ ಒಂದು ಗೆರೆ ಎದ್ದು ಕಂಡಿತು. ಜಮೀನಿದ್ದವರ ಸಾವು ಬೇಗ ದಾಖಲಾಗುತ್ತದೆ, ಏಕೆಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಫೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು. ಬ್ಯಾಂಕ್ ಠೇವಣಿ, ವಿಮೆ, ಪಿಂಚಣಿ ಇದ್ದವರದ್ದೂ ಹಾಗೆಯೇ. ಆನೆ ತುಳಿದು ಸತ್ತರೆ ತಪ್ಪದೆ ದಾಖಲಾಗುತ್ತದೆ; ಪೊಲೀಸ್ ಕೇಸು, ಅರಣ್ಯ ಇಲಾಖೆಯ ಪರಿಹಾರ ಎರಡೂ ಇವೆ. ಬಿಟ್ಟುಹೋಗುವವರು ಹೆಸರಿಗೆ ಏನೂ ಇಲ್ಲದವರು: ಲೈನ್‌ಮನೆಯ ಮುದುಕಿ, ಹಾಡಿಯ ಕೂಲಿಯಾಳು, ಹೆಸರಿಡುವ ಮೊದಲೇ ಹೋದ ಕೂಸು. ಸಾವಿನ ಪುಸ್ತಕ ಸಾವಿನ ಹಿಂದೆ ಹೋಗುತ್ತಿರಲಿಲ್ಲ, ಆಸ್ತಿಯ ಹಿಂದೆ ಹೋಗುತ್ತಿತ್ತು.

ಸಾವು ತಿಳಿಸದಿರಲು ಕಾರಣವೂ ಇದೆ. ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬಕ್ಕೆ ತಲಾ 5 ಕೆ.ಜಿ. ಧಾನ್ಯ ಸಿಗುತ್ತದೆ, ಒಂದು ಸಾವು ದಾಖಲಾದರೆ ಒಂದು ತಲೆಯ ಪಾಲು ಹೋಯಿತು. ನೋಂದಣಿ ಮಾಡುವವರೂ ರೆವಿನ್ಯೂ ಇಲಾಖೆಯವರು, ಪಡಿತರ ಚೀಟಿಯ ವಿಚಾರಣೆಗೆ ಬರುವವರೂ ಅವರೇ ಎಂಬ ಭಾವನೆ ಹಾಡಿಗಳಲ್ಲಿ ಗಟ್ಟಿಯಾಗಿತ್ತು.

ಮೊದಲ ಸುತ್ತು: ಪಟ್ಟಿಗಳನ್ನು ತರಿಸಿದ್ದು

ವೈದ್ಯೆ, ಗ್ರಾಮ ಲೆಕ್ಕಿಗರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಂಗನವಾಡಿ ಮೇಲ್ವಿಚಾರಕಿ, ನಾನು ಸೇರಿ ಒಂದು ಸಣ್ಣ ಗುಂಪಾಯಿತು. ಸಿಗುವ ಪಟ್ಟಿಗಳನ್ನೆಲ್ಲ ಒಟ್ಟುಮಾಡಿದೆವು. ನೋಂದಣಿ ಪುಸ್ತಕ, ಆಶಾ ಕಾರ್ಯಕರ್ತೆಯರ ಡೈರಿ, ಅಂಗನವಾಡಿಯ ಮನೆ ಸಮೀಕ್ಷೆ, ಸಾಮಾಜಿಕ ಭದ್ರತಾ ಪಿಂಚಣಿ ನಿಂತವರ ಪಟ್ಟಿ. ಇಲಾಖೆಗಳ ಹೊರಗಿನಿಂದ ಚರ್ಚಿನ ಮತ್ತು ಜಮಾತಿನ ದಫನದ ಪುಸ್ತಕ, ಒಂದು ಸಂಘದ ಮರಣನಿಧಿ ಪುಸ್ತಕ. ಈ ಕೊನೆಯವು ನನಗೆ ಬಹಳ ಇಷ್ಟವಾದವು. ಯಾವ ಸುತ್ತೋಲೆಯೂ ಇಲ್ಲದೆ, ತಮ್ಮವರನ್ನು ಮಣ್ಣು ಮಾಡಿದ ದಿನವನ್ನು ವರ್ಷಗಳಿಂದ ನೀಟಾಗಿ ಬರೆದಿಟ್ಟ ಪುಸ್ತಕಗಳು ಅವು.

ಕಂಪ್ಯೂಟರಿನಲ್ಲಿ ಹೆಸರು, ವಯಸ್ಸು, ದಿನಾಂಕ ಮೂರನ್ನೂ ಹಾಕಿ ಹೊಂದಿಸಲು ನೋಡಿದೆವು. ಹೊಂದಿದ್ದು ಕಡಿಮೆ. ಒಂದೇ ಹೆಂಗಸು ಒಂದು ಪಟ್ಟಿಯಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಲಚ್ಚಮ್ಮ. ಕೊಡವರ ಹೆಸರಿನ ಮುಂದೆ ಮನೆತನದ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ವಯಸ್ಸೆಲ್ಲ 50, 55, 60, 65. ದಿನಾಂಕದ ಜಾಗದಲ್ಲಿ ಆಶಾ ಬರೆದದ್ದು ಸಾವು ಆದ ದಿನ, ಬೇರೆಯವರು ಬರೆದದ್ದು ತಮಗೆ ಗೊತ್ತಾದ ದಿನ.

ಆಧಾರ್ ಸಂಖ್ಯೆ ಕೇಳಿದರೆ ಎಲ್ಲ ಸುಲಭವಾಗುತ್ತದೆ ಎಂಬ ಸಲಹೆ ಬಂತು. ಬೇಡ ಎಂದು ತೀರ್ಮಾನಿಸಿದೆವು. ಹುಟ್ಟಿ ಕೆಲವೇ ದಿನಕ್ಕೆ ಹೋದ ಹಸುಗೂಸಿಗೆ ಸಾಮಾನ್ಯವಾಗಿ ಆಧಾರ್ ಇರುವುದಿಲ್ಲ, ನಮ್ಮ ಮುಖ್ಯ ಅನುಮಾನ ಇದ್ದದ್ದೇ ಹಸುಗೂಸುಗಳ ಮೇಲೆ. ಜೊತೆಗೆ, ಹಾಡಿಗೆ ಹೋಗಿ ಆಧಾರ್ ಕೇಳಿದರೆ ರೇಷನ್ ತೆಗೆಯಲು ಬಂದರು ಎಂದೇ ಅರ್ಥ. ಅದರ ಬದಲು ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನ ಸಂಖ್ಯೆಯನ್ನು ತಾಯಿ ಮಗುವಿನ ಮಟ್ಟಿಗೆ ಬಳಸಿದೆವು. ಉಳಿದವರಿಗೆ ಒಂದು ನಿಯಮ ಮಾಡಿಕೊಂಡೆವು: ಮೊದಲು ಮನೆ, ಆಮೇಲೆ ಗಂಡೋ ಹೆಣ್ಣೋ, ಆಮೇಲೆ ಐದು ವರ್ಷ ಆಚೀಚೆ ವಯಸ್ಸು, ಒಂದು ತಿಂಗಳು ಆಚೀಚೆ ದಿನಾಂಕ. ಹೆಸರು ಎಲ್ಲಕ್ಕಿಂತ ಕೊನೆಗೆ. ಇಬ್ಬರು ಬೇರೆ ಬೇರೆ ಕೂತು ಹೊಂದಿಸಬೇಕು. ಇಬ್ಬರೂ ಒಪ್ಪಿದ್ದು ಖಚಿತ. ಒಬ್ಬರು ಮಾತ್ರ ಒಪ್ಪಿದ್ದು ಸಂಶಯ. ಸಂಶಯವನ್ನು ಮೇಜಿನ ಮೇಲೆ ತೀರ್ಮಾನಿಸಬಾರದು, ಆ ಮನೆಗೆ ಹೋಗಿ ಕೇಳಬೇಕು.

ಈ ಕೊನೆಯ ಮಾತಿನ ಬೆಲೆ ತಿಳಿಯಲು ಲೆಕ್ಕದ ಒಳಗೆ ಸ್ವಲ್ಪ ಹೋಗಬೇಕು. ಎರಡು ಪಟ್ಟಿಗಳನ್ನು ಹೊಂದಿಸಿ, ಎರಡರಲ್ಲೂ ಇಲ್ಲದವರ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಜನನ ಮರಣಕ್ಕೆ ಅನ್ವಯಿಸಿ ಬರೆದವರು ಸಿ. ಚಂದ್ರಶೇಖರನ್ ಮತ್ತು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್, 1949ರಲ್ಲಿ. ಅವರ ಅಂಕಿಗಳು ಬಂದದ್ದು ಕಲ್ಕತ್ತೆಯ ಹತ್ತಿರದ ಸಿಂಗೂರಿನ ಹಳ್ಳಿಗಳಿಂದ. ನಮ್ಮ ದೇಶದ ಹಳ್ಳಿಯ ನೋಂದಣಿ ಪುಸ್ತಕದ ಕೊರತೆಯಿಂದ ಹುಟ್ಟಿದ ಈ ವಿಧಾನ ಇಂದು ಲೋಕದ ಹಲವೆಡೆ ಬಳಕೆಯಲ್ಲಿದೆ.

ಒಂದು ಕಲ್ಪಿತ ಲೆಕ್ಕ ನೋಡಿ. ನೋಂದಣಿ ಪುಸ್ತಕದಲ್ಲಿ 40 ಸಾವು, ಇನ್ನೊಂದು ಪಟ್ಟಿಯಲ್ಲಿ 30, ಎರಡರಲ್ಲೂ ಇರುವವು 24. ಎರಡನೇ ಪಟ್ಟಿಯ 30ರಲ್ಲಿ ಪುಸ್ತಕ ಹಿಡಿದದ್ದು 24, ಅಂದರೆ ನೂರಕ್ಕೆ 80. ಹಾಗಾದರೆ ಪುಸ್ತಕದ 40 ಎಂಬುದು ನಿಜವಾದ ಮೊತ್ತದ ನೂರಕ್ಕೆ 80 ಇರಬೇಕು. ನಿಜವಾದ ಮೊತ್ತ 50. ಎರಡೂ ಪಟ್ಟಿ ಸೇರಿಸಿದರೆ ಕಾಣುವುದು 46, ಯಾರ ಕಣ್ಣಿಗೂ ಬೀಳದವು 4. ಈಗ ಹೊಂದಿಸುವವರು ಅವಸರದಲ್ಲಿ ನಾಲ್ಕು ಜೋಡಿಗಳನ್ನು ಬಿಟ್ಟರೆಂದುಕೊಳ್ಳಿ. 24 ಇದ್ದದ್ದು 20 ಆಗುತ್ತದೆ, ಮೊತ್ತದ ಅಂದಾಜು 50ರಿಂದ 60ಕ್ಕೆ ಹಾರುತ್ತದೆ. ನಾಲ್ಕು ಹೆಸರಿನ ಕಾಗುಣಿತದಿಂದ ಹತ್ತು ಇಲ್ಲದ ಸಾವು ಹುಟ್ಟಿಕೊಂಡವು. ಅದಕ್ಕೇ ಮೇಜಿನ ಮೇಲೆ ತೀರ್ಮಾನ ಬೇಡ ಎಂದದ್ದು.

ಎರಡು ಪಟ್ಟಿ, ಒಂದೇ ಬಾಯಿ

ಆಶಾ ಡೈರಿ ಮತ್ತು ಅಂಗನವಾಡಿ ಪಟ್ಟಿಗಳನ್ನು ಹೊಂದಿಸಿದಾಗ ಅಚ್ಚರಿಯಾಗುವಷ್ಟು ಸರಿಹೋದವು. ಗುಂಪಿನಲ್ಲಿ ಸಂತೋಷವೂ ಆಯಿತು: ಎರಡು ಇಲಾಖೆ ಒಂದೇ ಮಾತು ಹೇಳುತ್ತಿದ್ದರೆ ಅದು ಸತ್ಯವೇ ಇರಬೇಕಲ್ಲ. ಅಂಗನವಾಡಿ ಮೇಲ್ವಿಚಾರಕಿ ಮಾತ್ರ ಸುಮ್ಮನಿದ್ದರು. ಆಮೇಲೆ ಹೇಳಿದರು, "ನಮ್ಮ ಟೀಚರೂ ಆಶಾನೂ ತಿಂಗಳ ಕೊನೆಗೆ ಒಟ್ಟಿಗೆ ಕೂತೇ ಬರೆಯೋದು. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೂ ಗೊತ್ತಿರಲ್ಲ."

ಇಡೀ ಕೆಲಸದ ದಿಕ್ಕು ಬದಲಾದದ್ದು ಇಲ್ಲಿ. ಇಬ್ಬರು ಒಟ್ಟಿಗೆ ಕೂತು ಬರೆಯುವುದರಲ್ಲಿ ತಪ್ಪೇನಿಲ್ಲ, ಹಾಡಿಯ ಕೂಸಿನ ತೂಕ ನೋಡಲು ಅದೇ ಒಳ್ಳೆಯ ದಾರಿ. ಆದರೆ ಮೇಲಿನ ಲೆಕ್ಕ ನಿಲ್ಲುವುದೇ ಎರಡು ಪಟ್ಟಿ ಒಂದಕ್ಕೊಂದು ಗೊತ್ತಿಲ್ಲದೆ ಆಗಿವೆ ಎಂಬ ನಂಬಿಕೆಯ ಮೇಲೆ. ಒಂದೇ ಬಾಯಿಂದ ಬಂದ ಎರಡು ಪಟ್ಟಿ ಚೆನ್ನಾಗಿ ಹೊಂದುತ್ತವೆ. ಹೊಂದಿದಷ್ಟೂ ಬಿಟ್ಟುಹೋದವು ಇಲ್ಲವೇ ಇಲ್ಲ ಎಂಬ ಭ್ರಮೆ ಬೆಳೆಯುತ್ತದೆ. ಅವೆರಡನ್ನೂ ಕೂಡಿಸಿ ಒಂದೇ ಪಟ್ಟಿ ಎಂದು ಎಣಿಸಿದೆವು. ಪಿಂಚಣಿ ನಿಂತವರ ಪಟ್ಟಿಯನ್ನೂ ತೆಗೆದಿಟ್ಟೆವು, ಏಕೆಂದರೆ ಮರಣ ಪ್ರಮಾಣಪತ್ರ ನೋಡಿಯೇ ಎಷ್ಟೋ ಪಿಂಚಣಿ ನಿಂತಿದ್ದವು. ಅದು ನೋಂದಣಿ ಪುಸ್ತಕದ್ದೇ ನೆರಳು.

ಪ್ರತಿ ಪಟ್ಟಿಯ ಹಿಂದೆಯೂ ಒಂದು ಪ್ರಶ್ನೆ ಬರೆದಿಟ್ಟೆವು: ಇದನ್ನು ಯಾರು ಬರೆದರು, ಯಾರ ಬಾಯಿಂದ ಕೇಳಿ, ಯಾವ ಕೆಲಸಕ್ಕೆಂದು? ಬೇರೆಡೆ ಈ ಕೆಲಸ ಮಾಡುವವರಿಗೆ ನಾನು ಕೊಡಬಹುದಾದ ಒಂದೇ ಒಂದು ಸಲಹೆ ಇದ್ದರೆ ಅದು ಈ ಪ್ರಶ್ನೆ. ಪಟ್ಟಿ ಎಷ್ಟಿವೆ ಎಂಬುದಕ್ಕಿಂತ ಅವುಗಳಲ್ಲಿ ನಿಜಕ್ಕೂ ಬೇರೆ ಬೇರೆಯವು ಎಷ್ಟು ಎಂಬುದನ್ನು ಮೊದಲು ನೋಡಬೇಕು.

ಚಂದ್ರಶೇಖರನ್ ಮತ್ತು ಡೆಮಿಂಗ್ ಇನ್ನೊಂದು ಎಚ್ಚರವನ್ನೂ ಹೇಳಿದ್ದರು: ಎಲ್ಲರನ್ನೂ ಒಂದೇ ರಾಶಿಗೆ ಹಾಕದೆ, ಒಂದೇ ತರಹದವರನ್ನು ಬೇರೆ ಬೇರೆ ಗುಂಪು ಮಾಡಿ ಲೆಕ್ಕ ಹಾಕಿ ಎಂದು. ಸ್ವಂತ ಮನೆ, ಲೈನ್‌ಮನೆ, ಹಾಡಿ, ಈ ಮೂರನ್ನೂ ಬೇರ್ಪಡಿಸಿದೆವು. ಸ್ವಂತ ಮನೆಗಳಿಗೆ ಚರ್ಚು, ಜಮಾತು, ಮರಣನಿಧಿ ಪುಸ್ತಕಗಳು ಒಳ್ಳೆಯ ಎರಡನೇ ಪಟ್ಟಿಯಾದವು. ಆ ಸಮುದಾಯಗಳ ಹೊರಗಿನ ಮನೆಗಳನ್ನು ಕೇರಿಯ ಹಿರಿಯರನ್ನು ಕೇಳಿ ತುಂಬಿಸಿಕೊಂಡೆವು. ಲೈನ್‌ಮನೆ, ಹಾಡಿಗಳಿಗೆ ಅಂಥದ್ದೇನೂ ಇರಲಿಲ್ಲ.

ತೋಟದ ಚೆಕ್‌ರೋಲ್

ಜನನ ಮರಣ ನೋಂದಣಿ ಕಾಯ್ದೆಯ 9ನೇ ಸೆಕ್ಷನ್ ಕೊಡಗಿನವರೆಲ್ಲ ಓದಬೇಕಾದದ್ದು. ನಾಲ್ಕು ಹೆಕ್ಟೇರಿಗೆ ಕಡಿಮೆಯಿಲ್ಲದ ಟೀ, ಕಾಫಿ, ಮೆಣಸು, ರಬ್ಬರ್, ಏಲಕ್ಕಿ ಮುಂತಾದ ತೋಟದಲ್ಲಿ ಜನನ ಮರಣವಾದರೆ ನೋಂದಣಾಧಿಕಾರಿಗೆ ತಿಳಿಸಬೇಕಾದ ಹೊಣೆ ತೋಟ ನೋಡಿಕೊಳ್ಳುವವರದು. ಅವರನ್ನು ಮ್ಯಾನೇಜರ್ ಎನ್ನಿ, ಬೇರೇನೇ ಎನ್ನಿ. ಈ ನಿಯಮ ಪಾಲಿಸಿದರೆ ಕೂಲಿಯವನ ಮನೆಯವರು ಪೇಟೆಗೆ ಅಲೆಯುವುದು ತಪ್ಪುತ್ತದೆ. ನಾವು ಮಾತಾಡಿಸಿದ ತೋಟಗಳಲ್ಲಿ ಇದನ್ನು ಕೇಳಿದ್ದವರು ಇರಲಿಲ್ಲ.

ಗ್ರಾಮ ಲೆಕ್ಕಿಗರು ಎಲ್ಲ ತೋಟಗಳಿಗೂ ನೋಟಿಸ್ ಕೊಡೋಣ ಎಂದರು. ಕಾನೂನಿನ ಪ್ರಕಾರ ಅವರ ಮಾತು ಸರಿ. ವೈದ್ಯೆ ಬಲವಾಗಿ ವಿರೋಧಿಸಿದರು: ನೋಟಿಸ್ ಹೋದರೆ ಉತ್ತರ ಬರುವುದು ವಕೀಲರಿಂದ, ಪುಸ್ತಕ ತೆರೆಯುವುದಿಲ್ಲ. 1969ರ ಮೂಲ ಕಾಯ್ದೆಯಲ್ಲಿ ದಂಡವೂ 50 ರೂಪಾಯಿಯವರೆಗೆ ಮಾತ್ರ ಇತ್ತು. ಅದಕ್ಕೆ ಹೆದರಿ ಯಾರೂ ಬದಲಾದವರಲ್ಲ. ಮಾತು ಬಿಸಿಯಾಯಿತು. ಕೊನೆಗೆ ನೋಟಿಸ್ ಬೇಡ, ತೋಟದ ರೈಟರನ್ನು ನೇರವಾಗಿ ಕಾಣೋಣ ಎಂದಾಯಿತು. ಹಾಜರಿ ಬರೆಯುವವರು, ಕೂಲಿ ಬಟವಾಡೆ ಮಾಡುವವರು ಅವರು. ಲೈನಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಒಪ್ಪಿದ ತೋಟದ ರೈಟರು ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ಬಿಚ್ಚಿಟ್ಟು, "ಡಾಕ್ಟ್ರೇ, ಇದರಲ್ಲಿ ಸತ್ತವರು ಅಂತ ಕಾಲಂ ಇಲ್ಲ. ಹೆಸರು ನಿಂತುಹೋಗಿರುತ್ತೆ ಅಷ್ಟೇ. ಯಾರು ಊರಿಗೆ ಹೋದ್ರು, ಯಾರು ಬೇರೆ ತೋಟ ಸೇರಿದ್ರು, ಯಾರು ತೀರ್ಕೊಂಡ್ರು, ನಾನು ಬಾಯಲ್ಲಿ ಹೇಳ್ತೇನೆ, ನೀವು ಬರ್ಕೊಳ್ಳಿ" ಎಂದರು. ಹಾಗೆಯೇ ಮಾಡಿದೆವು. ನಿಂತುಹೋದ ಪ್ರತಿ ಹೆಸರಿನ ಮುಂದೆ ಅವರ ಮಾತು, ಆಮೇಲೆ ಲೈನಿಗೆ ಹೋಗಿ ಅದರ ಪರಿಶೀಲನೆ.

ಚೆಕ್‌ರೋಲಿನ ಕುರುಡೂ ಬೇಗ ಕಂಡಿತು. ಅದರಲ್ಲಿರುವುದು ದುಡಿಯುವವರು. ಮನೆಯಲ್ಲಿ ಕೂತ ಮುದುಕರು, ಮಕ್ಕಳು ಅದರಲ್ಲಿಲ್ಲ. ಆಳುಗಳನ್ನು ಗುಂಪಾಗಿ ಕರೆತರುವ ಮೇಸ್ತ್ರಿ ಮೂಲಕ ಬಂದವರು ಗುಂಪಿನ ಲೆಕ್ಕದಲ್ಲಿ ಇರುತ್ತಾರೆಯೇ ಹೊರತು ಹೆಸರಿನಲ್ಲಿ ಅಲ್ಲ. ಹಾಗಾಗಿ ದುಡಿಯುವ ವಯಸ್ಸಿನವರಿಗೆ ಮಾತ್ರ ಈ ಪಟ್ಟಿಯನ್ನು ಎರಡನೇ ಸಾಕ್ಷಿಯಾಗಿ ಒಪ್ಪಿಕೊಂಡೆವು. ನಾಲ್ಕು ಹೆಕ್ಟೇರಿಗಿಂತ ಚಿಕ್ಕ ತೋಟಗಳು ಆ ಸೆಕ್ಷನ್ನಿನ ಹೊರಗೇ ಉಳಿದವು. ಅಲ್ಲಿ ರೈಟರೂ ಇಲ್ಲ, ಪುಸ್ತಕವೂ ಇಲ್ಲ.

ಹಾಡಿಯಲ್ಲಿ ಕೇಳಿದ ಪ್ರಶ್ನೆ

ಹಾಡಿಗೆ ಸ್ವತಂತ್ರವಾದ ಇನ್ನೊಂದು ಪಟ್ಟಿಯನ್ನು ನಾವೇ ಮಾಡಬೇಕಿತ್ತು. ಎಸ್.ಆರ್.ಎಸ್. ಮಾಡುವುದೂ ಇದನ್ನೇ: ಊರಿನಲ್ಲೇ ಇರುವ ಗಣತಿದಾರರು ವರ್ಷವಿಡೀ ಬರೆಯುತ್ತಾರೆ, ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಅದನ್ನು ನೋಡದೆಯೇ ಮನೆಮನೆಗೆ ಹೋಗಿ ಮತ್ತೆ ಬರೆಯುತ್ತಾರೆ, ಎರಡನ್ನೂ ಹೊಂದಿಸುತ್ತಾರೆ, ಹೊಂದದ್ದನ್ನು ಮತ್ತೆ ಹೋಗಿ ಪರಿಶೀಲಿಸುತ್ತಾರೆ. ನಮ್ಮಲ್ಲಿ ಆಶಾ ಅಕ್ಕ ಬರೆದದ್ದು ಒಂದು. ಇನ್ನೊಂದನ್ನು ಬರೆಯಲು ಹಾಡಿಗಳವರೇ ಆದ, ಪಿಯುಸಿವರೆಗೆ ಓದಿದ ಹುಡುಗಿಯರು ಮುಂದೆ ಬಂದರು.

ಮೊದಲು ಹೋದಾಗ "ಈ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡರೇ?" ಎಂದು ಕೇಳಿದೆವು. ಇಲ್ಲ ಎಂದರು, ಬಾಗಿಲಲ್ಲಿ ನಿಂತೇ. ಪ್ರಶ್ನೆ ಬದಲಿಸಬೇಕು ಎಂದವಳು ಆ ಹುಡುಗಿಯರಲ್ಲೇ ಒಬ್ಬಳು. ಸತ್ತವರನ್ನು ಕೇಳಬೇಡಿ, ಇದ್ದವರನ್ನು ಕೇಳಿ ಎಂದಳು. ಆಮೇಲೆ ಅವಳೇ ಒಂದು ಮನೆಯ ಜಗಲಿಯಲ್ಲಿ ಕೂತು, "ಅಜ್ಜಿ, ಹೋದ ಹುತ್ತರಿಗೆ ಈ ಮನೇಲಿ ಯಾರ್ಯಾರಿದ್ರು?" ಎಂದು ಶುರುಮಾಡಿದಳು. ಅಜ್ಜಿ ಬೆರಳು ಮಡಚುತ್ತಾ ಹೇಳಿದರು. ಒಬ್ಬೊಬ್ಬರದ್ದೂ ಈಗ ಎಲ್ಲಿ ಎಂಬ ಪ್ರಶ್ನೆ. ಮಗ ಕುಟ್ಟದ ಕಡೆ ತೋಟಕ್ಕೆ ಹೋದ. ಸೊಸೆ ಇದ್ದಾಳೆ. ಮೈದುನ? ಅಜ್ಜಿ ಸುಮ್ಮನಾದರು, ಆಮೇಲೆ ಅವನು ಹೋದ, ಕಕ್ಕಡದ ಮಳೆ ಜೋರಿದ್ದಾಗ ಎಂದರು.

ತಿಂಗಳ ಹೆಸರು ಕೇಳಿದರೆ ಸಿಗದ ದಿನಾಂಕಗಳು ಹೀಗೆ ಸಿಕ್ಕವು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕಕ್ಕಡ, ಸೆಪ್ಟೆಂಬರ್ ಮೊದಲಿಗೆ ಕೈಲ್ ಮುಹೂರ್ತ, ಅಕ್ಟೋಬರ್ ನಡುವೆ ತುಲಾ ಸಂಕ್ರಮಣ, ವರ್ಷದ ಕೊನೆಗೆ ಸುಗ್ಗಿ ಹಬ್ಬವಾದ ಹುತ್ತರಿ, ಆಮೇಲೆ ಕಾಫಿ ಕುಯ್ಲು, ಕಾಫಿ ಹೂ ಅರಳಿಸುವ ಹೂಮಳೆ. ಹಿಂದಿನ ಸಾವುಗಳಿಗೆ 2018ರ ಆಗಸ್ಟಿನ ಭೂಕುಸಿತ ಎಲ್ಲರಿಗೂ ನೆನಪಿರುವ ಗುರುತು.

ಎರಡನೇ ಪ್ರಶ್ನೆ ಬಸಿರಿನದು: ಹೋದ ಹುತ್ತರಿಯಿಂದ ಈಚೆಗೆ ಈ ಮನೆಯಲ್ಲಿ ಯಾರು ಬಸುರಿಯಾಗಿದ್ದರು, ಆ ಕೂಸು ಈಗ ಎಲ್ಲಿದೆ? ಯಾವ ಪಟ್ಟಿಯಲ್ಲೂ ಇಲ್ಲದ ಕೂಸುಗಳು ಕಂಡದ್ದು ಇಲ್ಲಿ. ಆಶಾ ನವಜಾತ ಶಿಶುವಿನ ಮನೆಭೇಟಿಗೆ 3, 7, 14, 21, 28, 42ನೇ ದಿನ ಹೋಗಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ. ಆದರೆ ಹೆರಿಗೆಗೆ ತವರಿಗೆ ಹೋದವಳ ಮನೆ ಬಾಗಿಲು ಹಾಕಿರುತ್ತದೆ. ತವರಿನ ಆಶಾ ಅವಳನ್ನು ತನ್ನವಳೆಂದು ಬರೆದಿರುವುದಿಲ್ಲ. ಈ ಎರಡು ಡೈರಿಗಳ ನಡುವೆ ಕೂಸು ಹುಟ್ಟಿ, ಕೂಸು ಹೋಗಿರುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಹುಟ್ಟಿ ಸ್ವಲ್ಪ ಹೊತ್ತಿಗೆ ಹೋದ ಕೂಸನ್ನು ಹೊಟ್ಟೆಯಲ್ಲೇ ಹೋಗಿತ್ತು ಎಂದು ಹೇಳುವುದು ರೂಢಿ. ತಾಯಿಗೆ ಸಮಾಧಾನವಾಗಲಿ ಎಂದು ಹಾಗೆ ಹೇಳುವವರೂ ಇದ್ದಾರೆ. ಪುಸ್ತಕದಲ್ಲಿ ಅದು ನಿರ್ಜೀವ ಜನನವಾಗುತ್ತದೆ, ಅಥವಾ ಏನೂ ಆಗುವುದಿಲ್ಲ. ಕೂಸು ಒಂದು ಸಲ ಉಸಿರಾಡಿದ್ದರೆ, ಅತ್ತಿದ್ದರೆ, ಕಾನೂನಿನ ಕಣ್ಣಿಗೆ ಅದು ಒಂದು ಜನನ, ಒಂದು ಮರಣ. ನಮೂನೆ 1 ಮತ್ತು 2 ಎರಡೂ ಆಗಬೇಕು. ವೈದ್ಯೆ ಹೆಂಗಸರ ಜೊತೆ ಮಾತ್ರ ಕೂತು, ಅತ್ತಿತೇ, ಕೈಕಾಲು ಆಡಿಸಿತೇ ಎಂದು ಮೆಲ್ಲಗೆ ಕೇಳಿದರು. ಗಂಡಸರಾದ ನಾವು ಆ ಮಾತಿನ ಹೊತ್ತಿಗೆ ಹೊರಗಿರಬೇಕು ಎಂಬುದು ಅವರ ಷರತ್ತು. ಕೂಸು ಹೊಟ್ಟೆಯಲ್ಲೇ ಹೋಗಿತ್ತು ಎಂದಿದ್ದ ತಾಯಂದಿರಲ್ಲಿ ಕೆಲವರು, ಅತ್ತಿತ್ತು ಎಂದರು.

ಹಾಡಿಯವರು ಇಷ್ಟು ಮಾತಾಡಲು ಒಪ್ಪಿದ್ದು ಒಂದು ಕರಾರಿನ ಮೇಲೆ. ಹೆಸರಿರುವ ಪಟ್ಟಿ ಆರೋಗ್ಯ ಕೇಂದ್ರದ ಬೀರುವಿನಿಂದ ಹೊರಗೆ ಹೋಗಬಾರದು, ಆಹಾರ ಇಲಾಖೆಗೆ ಅದರ ಪ್ರತಿ ಇಲ್ಲ, ಹೊರಗೆ ಹೋಗುವುದು ಎಣಿಕೆ ಮಾತ್ರ. ಗ್ರಾಮ ಲೆಕ್ಕಿಗರಿಗೆ ಇದು ಕಷ್ಟದ ಮಾತಾಗಿತ್ತು: ತಾವು ನೋಂದಣಾಧಿಕಾರಿ, ಸಾವು ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ? ಎಣಿಕೆಗೆಂದು ಸಿಕ್ಕ ಮಾಹಿತಿಯಿಂದ ಯಾರ ಮೇಲೂ ಕ್ರಮ ಬೇಡ, ನೋಂದಣಿಯನ್ನು ಕುಟುಂಬದವರ ಒಪ್ಪಿಗೆ ಪಡೆದು ಬೇರೆಯಾಗಿ ಮಾಡೋಣ ಎಂಬ ಒಪ್ಪಂದಕ್ಕೆ ಅವರು ಬಂದರು. ಅವರು ಅಷ್ಟು ದೂರ ನಡೆದು ಬಂದದ್ದರಿಂದಲೇ ಉಳಿದದ್ದೆಲ್ಲ ಸಾಧ್ಯವಾಯಿತು.

ಏನಾಯಿತು

ಹಾಡಿ ಮತ್ತು ಲೈನ್‌ಮನೆಗಳ ಸಾವಿನ ಎಣಿಕೆ ಏರಿತು, ಅದು ನಿರೀಕ್ಷಿತವೇ. ಏರಿದ್ದರಲ್ಲಿ ಎದ್ದು ಕಂಡವರು ಹೆಂಗಸರು ಮತ್ತು ಒಂದು ತಿಂಗಳೊಳಗಿನ ಕೂಸುಗಳು. ಸ್ವಂತ ಮನೆಗಳ ಕಡೆ ಬಿಟ್ಟುಹೋದದ್ದು ಕಡಿಮೆ.

ಕೆಲವು ಕಡೆ ಎಣಿಕೆ ಇಳಿದದ್ದು ನಿರೀಕ್ಷಿಸದ ಸಂಗತಿ. ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರ ಮಾಹಿತಿಯನ್ನು ಆಸ್ಪತ್ರೆಯೇ ಅಲ್ಲಿನ ನೋಂದಣಾಧಿಕಾರಿಗೆ ಕೊಟ್ಟಿರುತ್ತದೆ. ಅದು ಗೊತ್ತಿಲ್ಲದ ಮನೆಯವರು ಊರಿಗೆ ತಂದು ಮಣ್ಣು ಮಾಡಿದ ಮೇಲೆ ಇಲ್ಲಿಯೂ ಬರೆಸಿದ್ದರು. ಒಂದು ಸಾವಿಗೆ ಎರಡು ಪ್ರಮಾಣಪತ್ರ, ದಿನಾಂಕ ಒಂದೊಂದು ತರಹ. ಫೌತಿ ಖಾತೆಗೆ ಹೋದಾಗ ಅದೇ ತೊಡಕಾಗಿ ತಿಂಗಳುಗಟ್ಟಲೆ ಅಲೆದವರಿದ್ದರು. ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ತಪ್ಪು ನಮೂದನ್ನು ತಿದ್ದುವ, ರದ್ದುಮಾಡುವ ಅವಕಾಶವಿದೆ. ಸಾವು ನಡೆದ ಜಾಗದ ದಾಖಲೆ ಉಳಿಸಿ, ಇಲ್ಲಿನದನ್ನು ರದ್ದುಪಡಿಸಲು ಬರೆದೆವು. ಪಟ್ಟಿಗಳನ್ನು ಕೂಡಿಸುವುದೆಂದರೆ ಸಂಖ್ಯೆ ಹೆಚ್ಚಿಸುವುದು ಎಂದು ಎಣಿಸಿದ್ದವರಿಗೆ ಇದನ್ನು ವಿವರಿಸಬೇಕಾಯಿತು.

ಇದರಿಂದಲೇ ಇನ್ನೊಂದು ತೀರ್ಮಾನಕ್ಕೂ ಬಂದೆವು: ಒಂದು ತಖ್ತೆ ಸಾಕಾಗುವುದಿಲ್ಲ. ಈ ಪಂಚಾಯಿತಿಯಲ್ಲಿ ನಡೆದ ಸಾವು ಒಂದು ತಖ್ತೆ, ಈ ಪಂಚಾಯಿತಿಯ ವಾಸಿಗಳ ಸಾವು ಇನ್ನೊಂದು. ಕಾನೂನಿಗೆ ಮೊದಲನೆಯದು ಬೇಕು. ಆರೋಗ್ಯ ಕೇಂದ್ರಕ್ಕೆ ಬೇಕಾದದ್ದು ಎರಡನೆಯದು. ಏಕೆಂದರೆ ಗಂಡಾಂತರದ ಹೆರಿಗೆಗಳೆಲ್ಲ ಜಿಲ್ಲೆಯಾಚೆ ಹೋಗುವುದರಿಂದ, ನಡೆದ ಜಾಗದ ಲೆಕ್ಕವನ್ನಷ್ಟೇ ನೋಡಿದರೆ ನಮ್ಮ ತಾಯಂದಿರ ಸಾವು ಮೈಸೂರಿನ ಸಾವಾಗಿ, ನಮ್ಮ ಊರು ಆರೋಗ್ಯವಾಗಿರುವಂತೆ ಕಾಣುತ್ತದೆ.

ಎಣಿಕೆಯಲ್ಲಿ ಸೇರಿದ ಸಾವುಗಳಲ್ಲಿ ಕೆಲವು ನೋಂದಣಿಯಾಗದೆ ಉಳಿದವು. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ ಬೇಕು, 2023ರ ತಿದ್ದುಪಡಿಗೆ ಮೊದಲು ಅಫಿಡವಿಟ್ಟೂ ಬೇಕಿತ್ತು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿ, ಉಪವಿಭಾಗದ ದಂಡಾಧಿಕಾರಿಗಳ ಕಡೆಗೆ ಬಂದಿದೆ. ಹೆಸರಿಲ್ಲದೆ ಹೋದ ಕೂಸಿಗಾಗಿ ಕೂಲಿ ಬಿಟ್ಟು ಬಸ್ಸು ಹತ್ತಿ ಎಂದು ನಾವು ಹೇಳಲಾರೆವು. ಹಾಗಾಗಿ ಮೂರನೇ ಪಟ್ಟಿಯೊಂದು ಹುಟ್ಟಿತು: ತಿಳಿದಿದೆ, ನೋಂದಣಿಯಾಗಿಲ್ಲ. ಸಂಖ್ಯಾ ಕಚೇರಿಗೆ ಕಳಿಸುವ ಟಿಪ್ಪಣಿಯಲ್ಲಿ ನೋಂದಣಿಯ ಎಣಿಕೆ, ಹೊಂದಿಸಿ ಪಡೆದ ಅಂದಾಜು, ಎರಡರ ನಡುವಿನ ಅಂತರ ಮೂರನ್ನೂ ಬೇರೆ ಬೇರೆಯಾಗಿ ಕೊಟ್ಟೆವು. ಅಂದಾಜನ್ನು ಪುಸ್ತಕದ ಎಣಿಕೆಯ ಜಾಗದಲ್ಲಿ ತುಂಬಿಸಿ ಎಂಬ ಒತ್ತಾಯ ಬಂದಾಗ ಒಪ್ಪಲಿಲ್ಲ. ಒಂದು ಸಲ ಹಾಗೆ ಬೆರೆಸಿದರೆ ಮುಂದಿನ ವರ್ಷ ನೋಂದಣಿ ಸುಧಾರಿಸಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಈಗ ನಡೆಯುತ್ತಿರುವುದು, ನಡೆಯದಿರುವುದು

ಹಿಂದಿನದನ್ನು ಹೆಕ್ಕುವುದಕ್ಕಿಂತ 21 ದಿನದೊಳಗೆ ಹಿಡಿಯುವುದು ಸುಲಭ ಮತ್ತು ಅಗ್ಗ. ತಿಂಗಳಿಗೆ ಎರಡು ಸಲ, ಲಸಿಕೆ ಹಾಕುವ ದಿನವೇ, ಆಶಾ, ಅಂಗನವಾಡಿ ಟೀಚರ್, ಹಾಡಿಯ ಹುಡುಗಿಯರು ಮತ್ತು ಗ್ರಾಮ ಲೆಕ್ಕಿಗರು ಅರ್ಧ ಗಂಟೆ ಒಟ್ಟಿಗೆ ಕೂರುತ್ತಾರೆ. ಹಾಡಿಯ ಹುಡುಗಿಯರು ತಮ್ಮ ಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಮೊದಲೇ ಕೊಟ್ಟಿರುತ್ತಾರೆ, ಆಮೇಲಷ್ಟೇ ಎಲ್ಲ ಪಟ್ಟಿಗಳು ತೆರೆಯುತ್ತವೆ. ಒಬ್ಬರನ್ನು ನೋಡಿ ಒಬ್ಬರು ಬರೆಯದಿರಲಿ ಎಂದು. ಒಪ್ಪಿದ ತೋಟಗಳ ರೈಟರು ಲೈನ್‌ಮನೆಯ ಸಾವನ್ನು ಫೋನಿನಲ್ಲಿ ತಿಳಿಸುತ್ತಾರೆ, ನಮೂನೆಗೆ ಮ್ಯಾನೇಜರ ಸಹಿ ಹಾಕಿಸುತ್ತಾರೆ. ಆ ಹುಡುಗಿಯರಿಗೆ ಕೊಡುವ ಗೌರವಧನಕ್ಕೆ ಯಾವ ಇಲಾಖೆಯಲ್ಲೂ ಶೀರ್ಷಿಕೆಯಿಲ್ಲ. ಪಂಚಾಯಿತಿ ಹೇಗೋ ಹೊಂದಿಸುತ್ತಿದೆ, ಇದು ಹೀಗೇ ಮುಂದುವರಿಯಬೇಕಾದರೆ ಅದಕ್ಕೊಂದು ಶಾಶ್ವತ ದಾರಿ ಬೇಕು.

ಕುಯ್ಲಿನ ಕಾಲಕ್ಕೆ ಬಂದು ಹೋಗುವವರನ್ನು ನಾವು ಹಿಡಿಯಲಾಗಿಲ್ಲ. ಹೋದ ಹುತ್ತರಿಗೆ ಈ ಲೈನಿನಲ್ಲಿ ಯಾರಿದ್ದರು ಎಂದು ಕೇಳಲು ಈ ಹುತ್ತರಿಗೆ ಅಲ್ಲಿ ಅವರಲ್ಲಿ ಒಬ್ಬರೂ ಇರುವುದಿಲ್ಲ. ಮೇಸ್ತ್ರಿಗಳು ತಮ್ಮ ಗುಂಪಿನ ಹೆಸರುಗಳನ್ನು ಬಂದ ದಿನವೇ ತೋಟದಲ್ಲಿ ಬರೆಸುವಂತೆ ಮಾಡುವ ಪ್ರಯತ್ನ ಒಂದೆರಡು ತೋಟಗಳಲ್ಲಿ ಶುರುವಾಗಿದೆ.

ಕಣ್ಣೂರು ಕಡೆಯ ಆಸ್ಪತ್ರೆಗಳಲ್ಲಿ ಆದ ನಮ್ಮವರ ಜನನ ಮರಣಗಳ ಮಾಹಿತಿಯೂ ಕುಟುಂಬದವರು ಹೇಳಿದಷ್ಟೇ ನಮಗೆ ಸಿಗುತ್ತಿದೆ. ಅಲ್ಲಿನ ನೋಂದಣಿ ಅಲ್ಲಿ ಸರಿಯಾಗಿಯೇ ಆಗುತ್ತದೆ. ವಾಸಸ್ಥಳದ ಕಾಲಂನಲ್ಲಿ ಕೊಡಗು ಎಂದು ಬರೆದಿರುವ ನಮೂದುಗಳು ಗಡಿ ದಾಟಿ ಇತ್ತ ಬರುವ ವ್ಯವಸ್ಥೆ ಬೇಕು. ಅದನ್ನು ಒಂದು ಪಂಚಾಯಿತಿ ಮಾಡಿಕೊಳ್ಳಲಾರದು. ಎರಡು ರಾಜ್ಯಗಳ ಮುಖ್ಯ ನೋಂದಣಾಧಿಕಾರಿಗಳ ಮಟ್ಟದಲ್ಲಿ ಮಾತಾಗಬೇಕೆಂದು ನಮ್ಮ ಗುಂಪು ಬರೆದ ಪತ್ರ ಜಿಲ್ಲೆಯಿಂದ ಮುಂದಕ್ಕೆ ಹೋಗಿದೆ.